ಬಿಳಿ ಕ್ಯಾಬಿನೆಟ್‌ಗೆ ಕಡು ಹಸಿರು ಹೊಡೆಸಬಹುದಾ?

ಹಲವು ವರ್ಷಗಳಿಂದ ಬಿಳಿಯಾಗಿಯೇ ಇರುವ ಅಡುಗೆಮನೆಯ ಕ್ಯಾಬಿನೆಟ್‌ಗಳಿಗೆ ಕಡು ಹಸಿರು ಹೊಡೆಯಬೇಕೆಂಬ ಆಸೆ ನಿಮಗಿದೆ. ಮನೆಯವರು 'ಕತ್ತಲೆ ಕವಿದ ಹಾಗಾಗುತ್ತೆ, ಆರು ತಿಂಗಳಿಗೆ ಬೇಜಾರಾಗುತ್ತೆ' ಅನ್ನುತ್ತಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ. ಹೊಡೆಯಿರಿ. ಆದರೆ ಮೊದಲು ಕೆಳಗಿನ ಸಾಲಿಗೆ ಮಾತ್ರ. ಇನ್ನೊಂದು ಮಾತು, ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸಬೇಡಿ.

ಈ ಎರಡನೆಯದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಾನು ಆರಿಸಿದ್ದು ಬೂದು ಬೆರೆತ ಹಸಿರು. ಕಾರ್ಡಿನ ಮೇಲಿನ ಎರಡು ಬೆರಳಗಲದ ಚೌಕದಲ್ಲಿ ಅದು ತುಂಬ ತಂಪಾಗಿ ಕಂಡಿತ್ತು. ಎಂಟು ಬಾಗಿಲಿಗೂ ಹೊಡೆದು ಮುಗಿಸಿದ ದಿನ ಹಗಲಿಡೀ ಖುಷಿಯಿಂದ ನೋಡಿದೆ. ಸಂಜೆ ದೀಪ ಹಾಕಿದರೆ ಹಸಿರೇ ಇಲ್ಲ! ಒದ್ದೆ ಮಣ್ಣಿನ ಬಣ್ಣ. ಬಾಗಿಲ ಹತ್ತಿರ ಮುಖವಿಟ್ಟು ಹುಡುಕಿದರೂ ಹಸಿರು ಸಿಗಲಿಲ್ಲ. ಅಲ್ಲಿದ್ದದ್ದು 2,700 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬು (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಂತೆ ಹಳದಿ ಕಡಿಮೆ). ಅಂಥ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ. ಬೂದು ಬೆರೆತ ಹಸಿರು, ನೀಲಿಗಳು ಅದರಡಿ ಮಂಕಾಗಿಬಿಡುತ್ತವೆ. 4,000 ಕೆಲ್ವಿನ್‌ನ ಬಲ್ಬು ಹಾಕಿದ ಮೇಲೆ ಹಸಿರು ಮರಳಿ ಬಂತು. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಅಂಕಿ ಇರುತ್ತದಲ್ಲ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದರ ಅಳತೆ ಅದು. ಅಡುಗೆಮನೆಗೆ 90 ಅಥವಾ ಅದಕ್ಕಿಂತ ಹೆಚ್ಚಿನದನ್ನೇ ತನ್ನಿ.

ಹಾಗಾಗಿ ಹೀಗೆ ಮಾಡಿ. ಎ3 ಅಳತೆಯ ದಪ್ಪ ರಟ್ಟಿಗೆ ಅಂಚಿನವರೆಗೂ ಎರಡು ಕೋಟ್ ಹೊಡೆಯಿರಿ. ಸುತ್ತ ಬಿಳಿ ಉಳಿದರೆ ಬಣ್ಣ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಒಣಗಿದ ಮೇಲೆ ಕ್ಯಾಬಿನೆಟ್ ಬಾಗಿಲಿಗೆ ನೆಟ್ಟಗೆ ಅಂಟಿಸಿ. ಮೇಜಿನ ಮೇಲೆ ಮಲಗಿಸಿ ನೋಡಿದರೆ ಬೆಳಕು ಮೇಲಿಂದ ನೇರ ಬಿದ್ದು ತಿಳಿಯಾಗಿ ಕಂಡು ಮೋಸ ಹೋಗುತ್ತೀರಿ. ನಾಲ್ಕೈದು ದಿನ ಅಲ್ಲೇ ಇರಲಿ. ಬೆಳಗ್ಗೆ, ಮೋಡ ಕವಿದಾಗ, ರಾತ್ರಿ ದೀಪದಲ್ಲಿ, ದೀಪ ಹಾಕುವ ಮುಂಚಿನ ನಸುಗತ್ತಲಲ್ಲಿ, ಎಲ್ಲದರಲ್ಲೂ ನೋಡಿ.

ರಟ್ಟನ್ನು ಕಟ್ಟೆಯ ಕಲ್ಲು, ನೆಲ, ಗೋಡೆಯ ಟೈಲ್ಸ್ ಜೊತೆಗಿಟ್ಟೇ ನೋಡಬೇಕು, ಯಾಕೆಂದರೆ ಅವನ್ನು ನೀವು ಬದಲಾಯಿಸುತ್ತಿಲ್ಲ. ಫ್ರಾನ್ಸಿನಲ್ಲಿ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞರು ಚಿತ್ರವಸ್ತ್ರ ನೇಯುವ ಕಾರ್ಖಾನೆಯೊಂದರಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲಿನ ಬಣ್ಣ ಸಪ್ಪೆ ಅನ್ನುವ ದೂರು ಬಂದಾಗ ಪರೀಕ್ಷಿಸಿದರೆ ನೂಲಿನಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿ ನೇಯ್ದ ಬೇರೆ ಬಣ್ಣಗಳಿಂದ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅವರು ಇದನ್ನೇ ದೊಡ್ಡ ಪುಸ್ತಕವಾಗಿ ಬರೆದರು. ನಿಮ್ಮ ಅಡುಗೆಮನೆಗೂ ಇದೇ ಲೆಕ್ಕ. ನೆಲ ಕೆಂಪು ಮಿಶ್ರಿತ ಕಂದಾಗಿದ್ದರೆ ಹಸಿರು ಇನ್ನಷ್ಟು ಹಸಿರಾಗಿ ಏಳುತ್ತದೆ, ಆಗ ಬೂದು ಹೆಚ್ಚಿರುವ ಶೇಡ್ ಸಾಕು. ಹಸಿರು ಛಾಯೆಯ ಕಲ್ಲಿನ ಪಕ್ಕದಲ್ಲಾದರೆ ಅದೇ ಶೇಡ್ ಸತ್ತಂತೆ ಕಾಣಬಹುದು.

ಇನ್ನು ಕತ್ತಲೆಯ ಭಯ. ಅದು ಸುಳ್ಳಲ್ಲ. ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅಂತ ಸೊನ್ನೆಯಿಂದ 100ರವರೆಗಿನ ಅಳತೆ ಇದೆ, ಎಷ್ಟೋ ಶೇಡ್ ಕಾರ್ಡ್‌ಗಳಲ್ಲಿ ಕೊಟ್ಟಿರುತ್ತಾರೆ. ಬಿಳಿ 80ರ ಮೇಲಿರುತ್ತದೆ, ಕಡು ಹಸಿರು 10ರ ಆಸುಪಾಸು. ಆದರೆ ಕಟ್ಟೆಯ ಕೆಳಗಿನ ಬಾಗಿಲುಗಳು ಹೇಗೂ ನೆರಳಲ್ಲೇ ಇರುತ್ತವೆ. ನೀವು ಹೆಚ್ಚುವ ಜಾಗಕ್ಕೆ ಬೆಳಕು ಎಸೆಯುವುದು ಮೇಲಿನ ಸಾಲು ಮತ್ತು ಗೋಡೆ. ಅವು ತಿಳಿಯಾಗಿಯೇ ಉಳಿದರೆ ಮನೆಯವರಿಗೂ ಸಮಾಧಾನ. ಮೇಲಿನದು ಹಿಮದಂಥ ಬಿಳಿ ಆಗಿರಬೇಕಿಲ್ಲ, ಕೆನೆ ಬಿಳಿ ಹಸಿರಿನ ಜೊತೆ ಹೆಚ್ಚು ಹೊಂದುತ್ತದೆ ಅಂತ ನನಗನಿಸುತ್ತದೆ.

ಅಡುಗೆಮನೆ ಅಂದರೆ ಬಿಳಿಯೇ ಇರಬೇಕು ಅನ್ನುವವರಿಗೆ 1926ರ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ತೋರಿಸಿ. ಇವತ್ತಿನ ಜೋಡಿಸಿದ ಅಡುಗೆಮನೆಗಳಿಗೆಲ್ಲ ಹಿರಿಯಕ್ಕ ಅದು. ಮಾರ್ಗರೆಟೆ ಶೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಮಾಡಿದ ವಿನ್ಯಾಸ. ಅದರ ಕ್ಯಾಬಿನೆಟ್‌ಗಳಿಗೆ ನೀಲಿ-ಹಸಿರು ಹೊಡೆಸುತ್ತಿದ್ದರು, ನೀಲಿಯ ಮೇಲೆ ನೊಣ ಕೂರುವುದಿಲ್ಲ ಅನ್ನುವ ನಂಬಿಕೆಯಿಂದ.

ಬೇಜಾರು ಬರುವುದು ಸಾಮಾನ್ಯವಾಗಿ ಬಣ್ಣದಿಂದಲ್ಲ, ಕೆಲಸ ಕೆಟ್ಟಾಗ. ನನ್ನ ಒಲೆ ಪಕ್ಕದ ಡ್ರಾಯರ್‌ನಲ್ಲಿ ಹಿಡಿಯ ಕೆಳಗೆ, ಬೆರಳು ತಾಗುವ ಕಡೆ, ಉಗುರಿನಾಕಾರದಲ್ಲಿ ಬಣ್ಣ ಎದ್ದುಹೋಯಿತು. ಒಳಗಿಂದ ಹಳೇ ಬಿಳಿ ಇಣುಕುತ್ತಿತ್ತು. ಅಲ್ಲಿ ಕೂತಿದ್ದ ಜಿಡ್ಡನ್ನು ನಾನು ಸರಿಯಾಗಿ ತೊಳೆದಿರಲಿಲ್ಲ, ಅಷ್ಟೇ ಕಾರಣ. ಜಿಡ್ಡಿನ ಮೇಲೆ ಸ್ಯಾಂಡ್‌ಪೇಪರ್ ಉಜ್ಜಿದರೆ ಜಿಡ್ಡು ಮರದೊಳಕ್ಕೆ ಇಳಿಯುತ್ತದೆ. ಮೊದಲು ತೊಳೆದು, ಒಣಗಿಸಿ, ಆಮೇಲೆ 180ರಿಂದ 220 ಗ್ರಿಟ್‌ನ (ನಯವಾದ) ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ. ನಂತರ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಅಡಿ ಕೋಟ್. ಲ್ಯಾಮಿನೇಟ್ ಆಗಿದ್ದರೆ ನುಣುಪು ಮೈಗೆ ಹಿಡಿಯುವ ಬಾಂಡಿಂಗ್ ಪ್ರೈಮರ್ ಬೇಕೇ ಬೇಕು. ಕಡು ಬಣ್ಣದಡಿ ಬೂದು ಛಾಯೆಯ ಪ್ರೈಮರ್ ಹಾಕಿದರೆ ಒಂದು ಕೋಟ್ ಉಳಿಯುತ್ತದೆ. ಪೂರ್ತಿ ಮ್ಯಾಟ್ ಬೇಡ, ಒರೆಸಿ ಒರೆಸಿ ಅಲ್ಲಲ್ಲೇ ಹೊಳಪೇರುತ್ತದೆ, ಸ್ವಲ್ಪವೇ ಹೊಳಪಿರುವ ಸ್ಯಾಟಿನ್ ಒಳ್ಳೆಯದು. ಕಡು ಬಣ್ಣಕ್ಕೆ ಪೂರ್ತಿ ಹೊಳೆಯುವ ಗ್ಲಾಸಿ ಕೂಡ ಬೇಡ, ಪ್ರತಿ ಬೆರಳ ಗುರುತೂ ಕಾಣುತ್ತದೆ. ಮುಟ್ಟಿದರೆ ಒಣಗಿದಂತಿದ್ದರೂ ಬಣ್ಣ ಒಳಗೆ ಗಟ್ಟಿಯಾಗಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಬಾಗಿಲು ಬಡಿಯಬೇಡಿ, ತಿಕ್ಕಿ ತೊಳೆಯಬೇಡಿ.

ನಿಮ್ಮ ಕಟ್ಟೆ ಮತ್ತು ನೆಲ ಯಾವ ಬಣ್ಣದ್ದು ಅಂತ ಬರೆದಿಲ್ಲ. ಅಡುಗೆಮನೆಗೆ ಹಗಲು ಬೆಳಕು ಯಾವ ದಿಕ್ಕಿನಿಂದ ಬರುತ್ತದೆ ಅನ್ನುವುದನ್ನೂ ಸೇರಿಸಿ ತಿಳಿಸಿದರೆ, ಹಸಿರು ನೀಲಿಯತ್ತ ವಾಲಬೇಕೋ ಹಳದಿಯತ್ತ ವಾಲಬೇಕೋ ಅಂತ ಹೇಳಬಲ್ಲೆ.