ಸರ್ವರ್ ಪ್ರಶ್ನೋತ್ತರ: ಕೇಬಲ್ ಬಿಟ್ಟುಹೋದರೆ ಯಜಮಾನ ಯಾರು?

ಪ್ರಶ್ನೆ: ಸಾರ್, ನಮ್ಮದು ಸಣ್ಣ ಪತ್ತಿನ ಸಹಕಾರ ಸಂಘ. ಒಂದು ಸರ್ವರ್ ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳಲಿ ಅಂತ ಎರಡು ಲಿನಕ್ಸ್ ಸರ್ವರ್ ಇಟ್ಟು, ಪೇಸ್‌ಮೇಕರ್ (ಸರ್ವಿಸ್‌ಗಳನ್ನು ಶುರು ಮಾಡಿ ನಿಲ್ಲಿಸುವುದು), ಕೊರೋಸಿಂಕ್ (ಸರ್ವರ್‌ಗಳು ಪರಸ್ಪರ ಬದುಕಿವೆಯಾ ಅಂತ ಕೇಳಿಕೊಳ್ಳುವುದು), ಡಿಆರ್‌ಬಿಡಿ (ಒಂದರ ಡಿಸ್ಕನ್ನು ಇನ್ನೊಂದಕ್ಕೆ ನಕಲಿಸುವುದು) ಹಾಕಿ, ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂರಿಸಿದ್ದೇವೆ. ಎರಡರ ನಡುವೆ ನೇರವಾಗಿ ಒಂದು ಕೇಬಲ್ ಇದೆ. ಕಳೆದ ವಾರ ಕಸ ಗುಡಿಸುವಾಗ ಅದು ಸಡಿಲವಾಯಿತು. ಎರಡೂ ಕಡೆ ಡೇಟಾಬೇಸ್ ಶುರುವಾಗಿ, ಕೆಲವು ಕೌಂಟರ್‌ಗಳ ಎಂಟ್ರಿ ಒಂದರಲ್ಲಿ, ಉಳಿದವು ಇನ್ನೊಂದರಲ್ಲಿ ಕೂತಿವೆ. ಕೇಬಲ್ ಹಾಕಿದರೂ ಡಿಆರ್‌ಬಿಡಿ ‘ಸ್ಟ್ಯಾಂಡ್‌ಅಲೋನ್’ (ಆಚೆಯದರ ಜೊತೆ ಸಂಪರ್ಕವಿಲ್ಲ) ಅನ್ನುತ್ತಿದೆ. ಏನು ಮಾಡಲಿ? (ಶಿವಮೊಗ್ಗದ ಓದುಗರು)

ಉತ್ತರ: ಬೇಜಾರು ಮಾಡ್ಕೋಬೇಡಿ, ಮೊದಲು ನಾನೇ ಒಂದು ಕೇಳುತ್ತೇನೆ. ಸೆಟಪ್ ಮಾಡುವಾಗ ‘ಸ್ಟೋನಿತ್-ಎನೇಬಲ್ಡ್’ (ಸದ್ದಿಲ್ಲದ ಸರ್ವರನ್ನು ಬಲವಂತವಾಗಿ ಆಫ್ ಮಾಡುವ ಸೆಟ್ಟಿಂಗ್) ಅನ್ನುವುದನ್ನು ‘ಫಾಲ್ಸ್’ ಮಾಡಿದ್ದೀರಿ, ಅಲ್ವಾ? ಎಲ್ಲರೂ ಮಾಡುವುದೇ ಅದು. ಸ್ಟೋನಿತ್ ಸಾಧನ ಕೊಡದೆ ಇದ್ದರೆ ಪೇಸ್‌ಮೇಕರ್ ಯಾವ ಸರ್ವಿಸನ್ನೂ ಶುರು ಮಾಡುವುದಿಲ್ಲ, ಎರಡು ಗಂಟೆ ತಲೆ ಕೆರೆದುಕೊಂಡ ಮೇಲೆ ಎಲ್ಲೋ ಆ ಒಂದು ಸಾಲಿನ ಆಜ್ಞೆ ಸಿಗುತ್ತದೆ, ಹೊಡೆದ ತಕ್ಷಣ ಎಲ್ಲ ಹಸಿರಾಗುತ್ತದೆ, ನಾವು ಚಹಾ ಕುಡಿಯಲು ಹೋಗುತ್ತೇವೆ. ನಿಮ್ಮ ಕ್ಲಸ್ಟರ್ (ಈ ಎರಡು ಸರ್ವರ್‌ಗಳ ಜೋಡಿ) ಆವತ್ತೇ ಕೆಟ್ಟಿತ್ತು. ಕೇಬಲ್ ಅದನ್ನು ತೋರಿಸಿಕೊಟ್ಟಿತು, ಅಷ್ಟೇ.

ಆಗಿದ್ದು ಇದು. ಈಗಿನ ಕೊರೋಸಿಂಕ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಸುಮಾರು 3 ಸೆಕೆಂಡು ಆಚೆಯಿಂದ ಸದ್ದಿಲ್ಲ ಅಂದರೆ ಆ ಸರ್ವರ್ ಕೈಬಿಟ್ಟಿತು ಅಂತ ಲೆಕ್ಕ. ಆದರೆ ಪಕ್ಕದ ಮನೆಯವರು ಫೋನ್ ಎತ್ತಲಿಲ್ಲ ಅಂದರೆ ಅವರು ಸತ್ತಿದ್ದಾರೆ ಅಂತಲ್ಲವಲ್ಲ. ಎರಡೇ ಸರ್ವರ್ ಇರುವ ಕ್ಲಸ್ಟರ್‌ನಲ್ಲಿ ‘ಟೂ-ನೋಡ್’ ಸೆಟ್ಟಿಂಗ್ ಇರುವುದರಿಂದ ಒಂಟಿಯಾಗಿ ಉಳಿದದ್ದಕ್ಕೂ ಬಹುಮತ (ಕೆಲಸ ನಡೆಸುವ ಹಕ್ಕು) ಇದೆ ಅಂತಲೇ ಲೆಕ್ಕ. ಹಾಗಾಗಿ ಇಬ್ಬರೂ ಒಂಟಿ, ಇಬ್ಬರಿಗೂ ಬಹುಮತ, ಇಬ್ಬರೂ ಯಜಮಾನರು. ಇದಕ್ಕೇ ಸ್ಪ್ಲಿಟ್-ಬ್ರೇನ್ ಅನ್ನುವುದು.

ಸ್ಟೋನಿತ್ ಅಂದರೆ ಇನ್ನೊಂದು ನೋಡ್‌ನ (ಅಂದರೆ ಸರ್ವರ್‌ನ) ತಲೆಗೆ ಗುಂಡು ಹೊಡಿ ಅಂತ. ಹೆಸರು ಒರಟು, ಆದರೆ ಸುಳ್ಳಲ್ಲ. ಆಚೆಯದರ ಕರೆಂಟ್ ತೆಗೆದು, ತೆಗೆದದ್ದು ಖಚಿತವಾದ ಮೇಲೆ ಮಾತ್ರ ಈಚೆ ಡೇಟಾಬೇಸ್ ಶುರು ಮಾಡುವುದು.

ಈಗ ಡೇಟಾ ವಿಷಯ. ಡಿಆರ್‌ಬಿಡಿ ಎರಡು ಕಡೆಯ ಎಂಟ್ರಿಗಳನ್ನು ಕೂಡಿಸಿಕೊಡುವುದಿಲ್ಲ. ಅದಕ್ಕೆ ಗೊತ್ತಿರುವುದು ಡಿಸ್ಕಿನ ಬ್ಲಾಕ್ ಮಾತ್ರ, ನಿಮ್ಮ ಠೇವಣಿ ಖಾತೆ ಅಲ್ಲ. ಮೊದಲು ಕ್ಲಸ್ಟರನ್ನು ಮೇಂಟೆನೆನ್ಸ್ ಮೋಡ್‌ಗೆ (ಪೇಸ್‌ಮೇಕರ್ ಕೈ ಹಾಕದ ಸ್ಥಿತಿಗೆ) ಹಾಕಿ, ಕೌಂಟರ್ ಕೆಲಸ ನಿಲ್ಲಿಸಿ. ಎರಡೂ ಕಡೆ ‘ಪಿಜಿ-ಡಂಪ್’ (ಡೇಟಾಬೇಸ್‌ನ ನಕಲು) ತೆಗೆದು ಮೂರನೇ ಯಂತ್ರದಲ್ಲಿ ಇಡಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಎಂಟ್ರಿ ಕಡಿಮೆ ಇರುವ ಕಡೆಯನ್ನು ಬಿಟ್ಟುಕೊಡಿ: ಅಲ್ಲಿ ಪೋಸ್ಟ್‌ಗ್ರೆಸ್ ನಿಲ್ಲಿಸಿ, ಡಿಸ್ಕ್ ಅನ್‌ಮೌಂಟ್ ಮಾಡಿ, ‘ಡಿಆರ್‌ಬಿಡಿ-ಎಡಿಎಂ’ನಿಂದ ಸೆಕೆಂಡರಿ (ನಕಲು ಪಡೆಯುವ ಕಡೆ) ಮಾಡಿ, ಆಮೇಲೆ ‘ಡಿಸ್ಕಾರ್ಡ್-ಮೈ-ಡೇಟಾ’ ಜೊತೆ ಕನೆಕ್ಟ್ ಕೊಡಿ. ಉಳಿಯುವ ಕಡೆಯೂ ಸ್ಟ್ಯಾಂಡ್‌ಅಲೋನ್ ಆಗಿದ್ದರೆ ಅಲ್ಲಿ ಬರೀ ಕನೆಕ್ಟ್ ಸಾಕು. ಕಳೆದುಹೋದ ಎಂಟ್ರಿಗಳನ್ನು ಡಂಪ್ ನೋಡಿಕೊಂಡು, ರಸೀದಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕೈಯಲ್ಲೇ ಹಾಕಬೇಕು. ಬೇರೆ ದಾರಿ ಇಲ್ಲ.

ಮುಂದೆ ಹೀಗಾಗದಿರಲು ಸ್ಟೋನಿತ್ ಹಾಕಿ. ನಿಮ್ಮ ಸರ್ವರ್‌ಗಳಲ್ಲಿ ಐಪಿಎಂಐ (ದೂರದಿಂದಲೇ ಆನ್-ಆಫ್ ಮಾಡಲು ಸರ್ವರ್ ಒಳಗಿರುವ ಚಿಪ್) ಪೋರ್ಟ್ ಇದ್ದರೆ ‘ಫೆನ್ಸ್-ಐಪಿಎಂಐ-ಲ್ಯಾನ್’ ಸಾಕು, ಆದರೆ ಅದರಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಎಲ್ಲ ಸರಿಯಾಗಿ ಹಾಕಿ, ಮ್ಯಾನೇಜರ್ ಎದುರು ಹೆಮ್ಮೆಯಿಂದ ಒಂದು ಸರ್ವರ್‌ನ ಪವರ್ ವೈರನ್ನೇ ಕಿತ್ತೆ. ಇನ್ನೊಂದು ಸುಮ್ನೆ ನಿಂತುಬಿಟ್ಟಿತು, ಏನೂ ಶುರುವಾಗಲಿಲ್ಲ! ಐಪಿಎಂಐ ಚಿಪ್‌ಗೂ ಅದೇ ಸರ್ವರ್‌ನಿಂದಲೇ ಕರೆಂಟ್. ವೈರ್ ಕಿತ್ತರೆ ಚಿಪ್ ಕೂಡ ಸತ್ತಿತು, ‘ನೀನು ಆಫ್ ಆದೆಯಾ’ ಅಂತ ಕೇಳಿದರೆ ಉತ್ತರ ಕೊಡುವವರಿಲ್ಲ, ಉತ್ತರ ಬರುವವರೆಗೆ ಪೇಸ್‌ಮೇಕರ್ ಮುಂದೆ ಹೆಜ್ಜೆ ಇಡುವುದಿಲ್ಲ. ಅದಕ್ಕೇ ಐಪಿಎಂಐ ಮೊದಲ ಹಂತ, ಅದು ಕೈಕೊಟ್ಟರೆ ನೆಟ್‌ವರ್ಕ್‌ನಿಂದ ಆಫ್ ಮಾಡಬಹುದಾದ ಪವರ್ ಸ್ಟ್ರಿಪ್ (ಪಿಡಿಯು) ಎರಡನೇ ಹಂತ ಅಂತ ‘ಸ್ಟೋನಿತ್ ಲೆವೆಲ್’ ಇಡಿ.

ಇಬ್ಬರೂ ಒಟ್ಟಿಗೆ ಗುಂಡು ಹಾರಿಸಿ ಇಬ್ಬರೂ ಬೀಳುವುದೂ ಉಂಟು. ಮೊದಲ ಸರ್ವರನ್ನು ಹೊಡೆಯುವ ಸಾಧನಕ್ಕೆ ಮಾತ್ರ ‘ಪಿಸಿಎಂಕೆ-ಡಿಲೇ-ಬೇಸ್’ನಲ್ಲಿ ಒಂದು 5 ಸೆಕೆಂಡು ತಡ ಹಾಕಿ. ಆಗ ಮೊದಲನೆಯದೇ ಉಳಿಯುತ್ತದೆ. ಡಿಆರ್‌ಬಿಡಿಯಲ್ಲೂ ಫೆನ್ಸಿಂಗನ್ನು (ಆಚೆಯದನ್ನು ತಡೆಯುವ ಸೆಟ್ಟಿಂಗನ್ನು) ‘ರಿಸೋರ್ಸ್-ಅಂಡ್-ಸ್ಟೋನಿತ್’ ಮಾಡಿ. ಇನ್ನು ಆ ಕೇಬಲ್: ಕೊರೋಸಿಂಕ್ 3ರಲ್ಲಿ 8 ದಾರಿಗಳವರೆಗೆ ಕೊಡಬಹುದು, ನೀವು ಕೊಟ್ಟಿರುವುದು ಒಂದು. ಸ್ವಿಚ್ ಮೂಲಕ ಇನ್ನೊಂದು ಸೇರಿಸಿ. ಐದು ನಿಮಿಷದ ಕೆಲಸ.

ಪೋಸ್ಟ್‌ಗ್ರೆಸ್ ಬೂಟ್ ಆದಾಗ ಸಿಸ್ಟಮ್‌ಡಿಯಿಂದ ತಾನಾಗಿ ಶುರುವಾಗದಂತೆ ಡಿಸೇಬಲ್ ಮಾಡಿದ್ದೀರಾ ಅಂತಲೂ ನೋಡಿ. ಅದನ್ನು ಎಬ್ಬಿಸುವುದು, ಮಲಗಿಸುವುದು ಪೇಸ್‌ಮೇಕರ್‌ಗೆ ಬಿಟ್ಟದ್ದು.

ಪ್ರಶ್ನೆ: ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೂಡ ಖಾಲಿಯಾಗಿ ಎರಡೂ ನೋಡ್ ಆಫ್ ಆದವು. ಬೆಳಿಗ್ಗೆ ಒಂದೇ ಆನ್ ಆಯಿತು. ಆದರೆ ಕ್ಲಸ್ಟರ್ ಏನನ್ನೂ ಶುರು ಮಾಡುತ್ತಿಲ್ಲ. ಒಂದು ಸತ್ತಾಗ ಉಳಿದದ್ದು ಕೆಲಸ ಮಾಡಬೇಕಲ್ವಾ? (ಹಾಸನದ ಓದುಗರು)

ಉತ್ತರ: ಓಡುತ್ತಿರುವಾಗ ಒಂದು ಸತ್ತರೆ ಹೌದು. ಎರಡೂ ಆಫ್ ಆಗಿ ಹೊಸದಾಗಿ ಏಳುವಾಗ ಲೆಕ್ಕ ಬೇರೆ. ‘ಟೂ-ನೋಡ್’ ಹಾಕಿದರೆ ‘ವೇಟ್-ಫಾರ್-ಆಲ್’ ತಾನಾಗಿ ಬರುತ್ತದೆ. ಅಂದರೆ ಒಮ್ಮೆಯಾದರೂ ಇಬ್ಬರೂ ಮುಖ ನೋಡಿಕೊಳ್ಳುವವರೆಗೆ ಯಾರೂ ಕೆಲಸ ಶುರು ಮಾಡುವಂತಿಲ್ಲ. ಇದು ದೋಷ ಅಲ್ಲ, ಮೇಲಿನ ಶಿವಮೊಗ್ಗದ ಕಥೆ ನಿಮ್ಮಲ್ಲಿ ಆಗದಿರಲಿ ಅಂತ ಇಟ್ಟದ್ದು. ಎದ್ದು ಹೋಗಿ ಇನ್ನೊಂದು ಸರ್ವರ್ ನಿಜವಾಗಿ ಆಫ್ ಇದೆಯಾ ಅಂತ ಕಣ್ಣಾರೆ ನೋಡಿ, ವೈರ್ ಕಿತ್ತಿಡಿ, ಆಮೇಲೆ ‘ಪಿಸಿಎಸ್ ಕೋರಮ್ ಅನ್‌ಬ್ಲಾಕ್’ (ಇನ್ನು ಕಾಯಬೇಡ ಅನ್ನುವ ಆಜ್ಞೆ) ಕೊಡಿ. ಮನೆಯಲ್ಲಿ ಕೂತು ಎಸ್‌ಎಸ್‌ಎಚ್‌ನಲ್ಲಿ ಅಂದಾಜಿನ ಮೇಲೆ ಕೊಡಬೇಡಿ, ದಯವಿಟ್ಟು. ಇದೇ ಜಾಸ್ತಿ ಸಲ ಆಗುತ್ತಿದ್ದರೆ ಒಂದು ಸಣ್ಣ ಮೂರನೇ ಯಂತ್ರದಲ್ಲಿ ‘ಕೊರೋಸಿಂಕ್-ಕ್ಯೂನೆಟ್‌ಡಿ’ ಹಾಕಿ ಮೂರನೇ ಮತ ಕೊಡಿಸಿ. ಹಳೆಯ ಡೆಸ್ಕ್‌ಟಾಪ್ ಆದರೂ ನಡೆಯುತ್ತದೆ, ಆದರೆ ಬೇರೆ ಕೋಣೆಯಲ್ಲಿ, ಬೇರೆ ಯುಪಿಎಸ್ ಮೇಲೆ ಇರಲಿ.

ಪ್ರಶ್ನೆ: ನಮ್ಮಲ್ಲಿ ಎರಡು ಫ್ರೀಬಿಎಸ್‌ಡಿ (ಲಿನಕ್ಸ್‌ನಂಥದೇ ಇನ್ನೊಂದು ಓಎಸ್) ಯಂತ್ರಗಳಲ್ಲಿ ಬರೀ ಎನ್‌ಜಿನ್‌ಎಕ್ಸ್ ಪ್ರಾಕ್ಸಿ (ವೆಬ್ ಕೋರಿಕೆಗಳನ್ನು ಮುಂದಕ್ಕೆ ದಾಟಿಸುವುದು) ಇದೆ. ಅದಕ್ಕೂ ಇಷ್ಟೆಲ್ಲ ಬೇಕಾ? (ಮೈಸೂರಿನ ಓದುಗರು)

ಉತ್ತರ: ಬೇಡ. ಎರಡರ ನಡುವೆ ಹಂಚಿಕೊಂಡ ಡೇಟಾ ಇಲ್ಲ, ಹಾಳಾಗುವುದೂ ಏನಿಲ್ಲ. ಫ್ರೀಬಿಎಸ್‌ಡಿಯಲ್ಲೇ ಕಾರ್ಪ್ ಇದೆ, ಓಪನ್‌ಬಿಎಸ್‌ಡಿಯವರು ಮಾಡಿದ್ದು. ಒಂದು ಐಪಿ ಎರಡು ಯಂತ್ರಗಳ ನಡುವೆ ಓಡಾಡುತ್ತದೆ, ಅಷ್ಟು ಸಾಕು. ಎರಡೂ ಕಡೆ ಪಾಸ್‌ವರ್ಡ್ ಒಂದೇ ಇರಲಿ, ‘ವಿಎಚ್‌ಐಡಿ’ (ಈ ಜೋಡಿಯ ಗುರುತು) ನಂಬರ್ ಒಂದೇ ಇರಲಿ, ಅದೇ ನೆಟ್‌ವರ್ಕ್‌ನಲ್ಲಿ ಬೇರೆ ಯಾರೂ ಆ ನಂಬರ್ ಬಳಸದಿರಲಿ. ಒಂದು ಮಾತ್ರ: ಯಂತ್ರ ಬದುಕಿದ್ದು ಎನ್‌ಜಿನ್‌ಎಕ್ಸ್ ಮಾತ್ರ ಸತ್ತರೆ ಕಾರ್ಪ್‌ಗೆ ತಿಳಿಯುವುದಿಲ್ಲ. ಅದನ್ನು ನೋಡಿಕೊಳ್ಳಲು ಒಂದು ಪುಟ್ಟ ಸ್ಕ್ರಿಪ್ಟ್ ನೀವೇ ಬರೆಯಬೇಕು.