ಐದು ವರ್ಷದ ಓದು, ಎಂಟು ವರ್ಷದ ಲೆಕ್ಕ

ಮಗಳನ್ನು ಪುಣೆಯಲ್ಲಿ ಆರ್ಕಿಟೆಕ್ಚರ್ ಓದಿಸಿದರೆ ಹಾಕಿದ ದುಡ್ಡು ಹುಟ್ಟುತ್ತದೆಯೇ, ಗಡಿಯ ಕಡೆಯ ನೀವು ಅದನ್ನೆಲ್ಲ ಹೇಗೆ ನಿಭಾಯಿಸಿದಿರಿ ಎಂದು ಮೈಸೂರಿನಿಂದ ಕೇಳಿದ್ದೀರಿ. ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

ನಮ್ಮದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ, ಕರ್ನಾಟಕದ ಗಡಿಗಂಟಿದ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಕನ್ನಡ, ಪಂಚಾಯಿತಿ ಕಾಗದದಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಕಲಸಿದ್ದು. ಹೊಟ್ಟೆಪಾಡಿಗೆ ನಮಗೆ ಬೆಂಗಳೂರು ನೆನಪಾಗುವುದಿಲ್ಲ. ಸೊಲ್ಲಾಪುರದಲ್ಲಿ ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಪುಣೆ. ನಾನೂ ಹಾಗೆಯೇ ಬಂದು ಪುಣೆಯ ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆದವನು.

ಮಗಳು ಆರ್ಕಿಟೆಕ್ಚರ್ ಎಂದಾಗ ಊರಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಮರಾಠಿಯಲ್ಲಿ ವಾಸ್ತುವಿಶಾರದ, ಕನ್ನಡದಲ್ಲಿ ವಾಸ್ತುಶಿಲ್ಪಿ. ಯಾವ ಭಾಷೆಯಲ್ಲಿ ಹೇಳಿದರೂ ಜನರ ಕಿವಿಗೆ ಬಿದ್ದದ್ದು 'ವಾಸ್ತು' ಮಾತ್ರ. "ಅಡುಗೆಮನೆ ಆಗ್ನೇಯಕ್ಕಿರಲಿ ಎನ್ನುವುದಕ್ಕೆ ಐದು ವರ್ಷ ಓದಬೇಕೇನೋ?" ಎಂದರು ನಮ್ಮ ಚಿಕ್ಕಪ್ಪ. ಅವರನ್ನು ನೋಡಿ ನಗಲಾರೆ. ನಮ್ಮ ಕಡೆ ಮನೆ ಕಟ್ಟುವವನು ಗೌಂಡಿ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದನೆಂದರೆ ಅದೇ ನಕಾಶೆ. ಬ್ಯಾಂಕಿನವರು ಕಾಗದ ಕೇಳಿದರೆ ಪೇಟೆಯಲ್ಲಿ ಯಾರಾದರೂ ಬರೆದುಕೊಡುತ್ತಾರೆ. ಚಿತ್ರ ಬರೆದದ್ದಕ್ಕೆ ದುಡ್ಡು ಎಣಿಸುವ ಗಿರಾಕಿ ಊರಿನಲ್ಲಿಲ್ಲ, ಹಾಗಾಗಿ ಈ ಓದು ಓದಿದ ಮಗು ಊರಿಗೆ ತಿರುಗಿ ಬರುವುದೂ ಇಲ್ಲ. ಇದನ್ನು ಯಾವ ಶುಲ್ಕದ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಸೀಟಿನ ವಿಷಯದಲ್ಲಿ ಮಾತ್ರ ಗಡಿಯವರಿಗೆ ಎರಡು ಬಾಗಿಲು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡದ ಮಕ್ಕಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಗಡಿನಾಡ ಕನ್ನಡಿಗರೆಂದು ಪರಿಗಣಿಸುತ್ತದೆ, ಅದಕ್ಕೆ ಬೇರೆಯಾಗಿ ಕನ್ನಡ ಪರೀಕ್ಷೆ ಬರೆಯಬೇಕು. ಅತ್ತ ಕರ್ನಾಟಕದಲ್ಲಿದ್ದು ಮಹಾರಾಷ್ಟ್ರ ತನ್ನದೆನ್ನುವ 865 ಹಳ್ಳಿಗಳ ಮರಾಠಿ ಮಕ್ಕಳಿಗೆ ಇಲ್ಲಿ ಮಹಾರಾಷ್ಟ್ರದಲ್ಲಿಯೂ ಅಂಥದೇ ಅವಕಾಶವಿದೆ. ನ್ಯಾಯಾಲಯದಲ್ಲಿ ಬಗೆಹರಿಯದ ಜಗಳ ಪ್ರವೇಶದ ಅರ್ಜಿಯಲ್ಲಿ ಹೀಗೆ ಉಪಕಾರಕ್ಕೆ ಬರುತ್ತದೆ ನೋಡಿ. ನನ್ನ ಮಗಳು ಮಹಾರಾಷ್ಟ್ರದ ಬಾಗಿಲನ್ನೇ ಆರಿಸಿಕೊಂಡಳು, ಪುಣೆಯ ನಮ್ಮ ಮನೆಯಿಂದಲೇ ಓಡಾಡಬಹುದಲ್ಲ ಎಂದು. ನಿಮ್ಮ ಮಗಳಿಗೆ ಈ ಎರಡೂ ಇಲ್ಲ. ಪುಣೆಗೆ ಬಂದರೆ ಹೊರರಾಜ್ಯದವಳು, ಇಲ್ಲಿನ ಸರ್ಕಾರದ ಶುಲ್ಕ ರಿಯಾಯಿತಿ ಸಿಗುವುದಿಲ್ಲ. ನಮಗೆ ಬೋಧನಾ ಶುಲ್ಕದ ಅರ್ಧ ವಿದ್ಯಾರ್ಥಿವೇತನದಲ್ಲಿ ಬಂತು. 2024ರಿಂದಂತೂ, ವರಮಾನ ಎಂಟು ಲಕ್ಷದೊಳಗಿರುವ ಕೆಲವು ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದ್ದಾರೆ. ನಮ್ಮವಳು ಮುಗಿಸಿದ್ದು 2023ರಲ್ಲಿ. ನನ್ನ ಹೆಂಡತಿ ಈ ಮಾತನ್ನು ಇನ್ನೂ ಬಿಟ್ಟಿಲ್ಲ.

ಆದರೆ ನಮ್ಮನ್ನು ಸುಸ್ತು ಮಾಡಿದ್ದು ಶುಲ್ಕವಲ್ಲ. ಶುಲ್ಕ ವರ್ಷಕ್ಕೊಮ್ಮೆ ಬರುತ್ತದೆ, ಬರುವುದು ಗೊತ್ತಿರುತ್ತದೆ. ಕಟ್ಟಡದ ಮಾದರಿ ಮಾಡುವ ಮೌಂಟ್ ಬೋರ್ಡು, ಸನ್‌ಬೋರ್ಡು, ಕಟರ್ ಬ್ಲೇಡು, ಟ್ರೇಸಿಂಗ್ ಕಾಗದ, ದೊಡ್ಡ ಹಾಳೆಯ ಪ್ರಿಂಟುಗಳು, ಇವು ವಾರವಾರ ಬರುತ್ತವೆ. ಜ್ಯೂರಿ ಎಂದರೆ ಮಕ್ಕಳ ಕೆಲಸವನ್ನು ಬಲ್ಲವರು ಕುಳಿತು ಒರೆಗೆ ಹಚ್ಚುವ ದಿನ. ಅದರ ಹಿಂದಿನ ರಾತ್ರಿ ಹನ್ನೊಂದಕ್ಕೆ "ಅಪ್ಪಾ, ಐದುನೂರು ಹಾಕು" ಎಂದು ಮೊಬೈಲಿನಲ್ಲಿ ಸಂದೇಶ. ಮೂರು ದಿನ ನಿದ್ದೆಗೆಟ್ಟು ಮಾಡಿದ ಮಾದರಿಯನ್ನು ಜ್ಯೂರಿಗೆ ಬಂದವರೊಬ್ಬರು ಛಾವಣಿ ಕಿತ್ತು ಕೈಗೆ ಕೊಟ್ಟರಂತೆ. ಅಂದು ಅವಳು ಊಟ ಮಾಡಲಿಲ್ಲ. ಸಾಧಾರಣ ಲ್ಯಾಪ್‌ಟಾಪ್ ನಡೆಯುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ಇರುವುದೇ ಬೇಕು. ಅಧ್ಯಯನ ಪ್ರವಾಸ ಬೇರೆ. ಲಾಕ್‌ಡೌನ್ ವರ್ಷ ಮನೆಯ ಅಡುಗೆಕೋಣೆಯ ನೆಲವೇ ಸ್ಟುಡಿಯೋ ಆಗಿತ್ತು, ನಾವೆಲ್ಲ ಹಾಳೆ ದಾಟಿಕೊಂಡು ಓಡಾಡುತ್ತಿದ್ದೆವು. ಹಾಸ್ಟೆಲ್‌ನಲ್ಲಿ ಇಡುವವರು ನೀವಾದ್ದರಿಂದ ಈ ಚಿಲ್ಲರೆಯ ಮೇಲೆ ಬಾಡಿಗೆ, ಮೆಸ್ ಕೂಡಿಸಿ.

ಐದು ವರ್ಷ, ಹತ್ತು ಸೆಮಿಸ್ಟರ್. ಅದರಲ್ಲಿ ಒಂದನ್ನು ಯಾವುದಾದರೂ ಆರ್ಕಿಟೆಕ್ಟ್ ಕಚೇರಿಯಲ್ಲಿ ತರಬೇತಿಯಾಗಿ ಕಳೆಯಬೇಕು. ಅವಳು ಹೋದ ಕಚೇರಿ ಕೊಟ್ಟ ಭತ್ಯೆ ಬಸ್ ಖರ್ಚಿಗೆ ಸರಿಹೋಯಿತು. ಮುಗಿದ ಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ. 1972ರ ಕಾಯ್ದೆಯ ಪ್ರಕಾರ ಅದಿಲ್ಲದೆ ಆರ್ಕಿಟೆಕ್ಟ್ ಎಂದು ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ. ಇಷ್ಟೆಲ್ಲ ಆದ ಮೇಲೆ ಮೊದಲ ಸಂಬಳ ಹದಿನೆಂಟು ಸಾವಿರ. ಅದೇ ಸೈಟಿನಲ್ಲಿ ಜೆಸಿಬಿ ಓಡಿಸುವ ಹುಡುಗ ಅವಳಿಗಿಂತ ಹೆಚ್ಚು ಎಣಿಸುತ್ತಿದ್ದ. ನಮ್ಮ ಶಿಕ್ಷಣ ಸಾಲದ ಕಂತು ಕೋರ್ಸು ಮುಗಿದು ಒಂದು ವರ್ಷಕ್ಕೆ ಶುರುವಾಯಿತು, ಅಷ್ಟರಲ್ಲಿ ಸಂಬಳ ಏರಿದ್ದು ಮೂರೇ ಸಾವಿರ. ಕಂತು ಕಟ್ಟಿದ್ದು ನಾನು. ಅದಕ್ಕೇ ಹೇಳುತ್ತೇನೆ, ಐದು ವರ್ಷದ ಲೆಕ್ಕ ಹಾಕಬೇಡಿ, ಎಂಟರದು ಹಾಕಿ. ಎಂಟು ವರ್ಷ ಮಗಳಿಂದ ಒಂದು ರೂಪಾಯಿಯನ್ನೂ ಎದುರು ನೋಡದೆ ಮನೆ ನಡೆಯುತ್ತದೆ ಎಂದಾದರೆ ಓದಿಸಿ. ಮನೆ ಅಡವಿಟ್ಟು ಮಾತ್ರ ಬೇಡ.

ನೆಂಟರು ಹೆಸರಾಂತ ಆರ್ಕಿಟೆಕ್ಟ್ ಬಿ. ವಿ. ದೋಶಿಯವರ ಹೆಸರು ಹೇಳುತ್ತಾರೆ. ಹುಟ್ಟಿದ್ದು ಇದೇ ಪುಣೆಯಲ್ಲಿ, 1927ರಲ್ಲಿ. ಓದಿದ್ದು ಮುಂಬೈನ ಜೆ. ಜೆ. ಆರ್ಕಿಟೆಕ್ಚರ್ ಕಾಲೇಜಿನಲ್ಲಿ, 2018ರಲ್ಲಿ ಈ ವೃತ್ತಿಯ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ. ಸರಿ, ಆದರೆ ಆಗ ಅವರಿಗೆ ತೊಂಬತ್ತು ದಾಟಿತ್ತು. ನಮ್ಮ ಸಾಲ ಅಷ್ಟು ಕಾಯುವುದಿಲ್ಲ. ಜೆ. ಜೆ. ಅಥವಾ ಪಣಜಿಯ ಗೋವಾ ಕಾಲೇಜಿನಂಥ ಸರ್ಕಾರಿ ಹಿನ್ನೆಲೆಯ ಕಡೆ ಸೀಟು ಸಿಕ್ಕರೆ ಲೆಕ್ಕವೇ ಬೇರೆ, ಅದಕ್ಕೆ ನಾಟಾ ಎಂಬ ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬೇಕು.

ಇನ್ನು ನಾನು ಯಾವ ಲೆಕ್ಕದಲ್ಲೂ ಹಿಡಿಯದೆ ಇದ್ದದ್ದೊಂದು. ಪುಣೆಯ ಸೈಟುಗಳಲ್ಲಿ ಇಟ್ಟಿಗೆ, ಕಾಂಕ್ರೀಟು ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು ಬಹಳ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಮಗಳನ್ನು ವಾಘೋಲಿಯ ಸೈಟೊಂದಕ್ಕೆ ಹಾಕಿದರು. ಮೆಟ್ಟಿಲ ಅಳತೆ ತಪ್ಪಿ, ಮೇಲ್ವಿಚಾರಕ ಹಿಂದಿಯಲ್ಲಿ ಕೂಗಾಡುತ್ತಿದ್ದನಂತೆ. ಇವಳು ಮೂಲೆಯಲ್ಲಿ ನಿಂತಿದ್ದ ಗೌಂಡಿಯ ಬಳಿ ಹೋಗಿ, "ಯಾವೂರು ಕಾಕಾ?" ಎಂದು ಕನ್ನಡದಲ್ಲಿ ಕೇಳಿದ್ದಾಳೆ. ಆ ಗೌಂಡಿ ಕಲಬುರಗಿ ಕಡೆಯ ಆಳಂದದವನು. ಸಂಜೆಯೊಳಗೆ ಮೆಟ್ಟಿಲು ಒಡೆದು ಮತ್ತೆ ಕಟ್ಟಿದರು. ಮರುತಿಂಗಳು ಅವಳ ಕಚೇರಿಯವರು ಎಲ್ಲ ಸೈಟ್ ಭೇಟಿಗೂ ಅವಳನ್ನೇ ಕಳುಹಿಸಲು ಶುರು ಮಾಡಿದರು, ಸಂಬಳವನ್ನೂ ಏರಿಸಿದರು. ನಿಮ್ಮ ಮಗಳ ಮೈಸೂರು ಕನ್ನಡ ಆ ಗೌಂಡಿಗಳಿಗೆ ತುಸು ವಿಚಿತ್ರವಾಗಿ ಕೇಳಿಸಬಹುದು, ಆದರೂ ನಡೆಯುತ್ತದೆ.

ಸೇರಿಸುವುದು ನಿಶ್ಚಯವಾದರೆ ಡ್ರಾಯಿಂಗ್ ಬೋರ್ಡು ಕೊಳ್ಳಬೇಡಿ. ಮಗಳದು ನಮ್ಮ ಮಂಚದ ಕೆಳಗೆ ಧೂಳು ತಿನ್ನುತ್ತಿದೆ, ಬಂದು ಒಯ್ಯಿರಿ. ಗೆರೆ ಎಳೆಯುವ ಉದ್ದನೆಯ ಟಿ-ಸ್ಕ್ವೇರ್ ಮಾತ್ರ ಕೇಳಬೇಡಿ. ಅಟ್ಟದ ಮೇಲಿನ ಡಬ್ಬಿ ಎಳೆದುಕೊಳ್ಳಲು ಅದು ನನ್ನ ಹೆಂಡತಿಗೆ ಬೇಕು.