ನಮ್ಮದು ಹಳ್ಳಿಯೇ, ಮಾಷ್ಟ್ರೇ?

ಕಾಸರಗೋಡಿನ ಬದಿಯಡ್ಕ ಕಡೆಯ ರಿಟೈರ್ಡ್ ಮಾಷ್ಟ್ರೊಬ್ಬರು ಬರ್ದಿದ್ದಾರೆ: "ಕಳೆದ ಸಂಚಿಕೆಯಲ್ಲಿ ದೊಡ್ಡ ದೊಡ್ಡ ಸಿಟಿಗಳ ಕಷ್ಟ ಬರ್ದಿದ್ದೀರಿ, ಹಳ್ಳಿಯಲ್ಲಿರುವ ನಮಗೆ ಅದ್ರಿಂದ ಎಂತ ಆಗ್ಬೇಕು? ನಮ್ಮ ಬಾವಿ ಮಾರ್ಚಿಗೇ ಬತ್ತುದು ಯಾಕೆ ಅಂತ ಬರೀರಿ."

ಮಾಷ್ಟ್ರೇ, ನಿಮ್ಮ ಎರಡೂ ಮಾತಿಗೆ ಉತ್ತರ ಒಂದೇ: ಪೇಟೆ ನಾವಿದ್ದಲ್ಲಿಗೇ ಬರ್ತಾ ಉಂಟು. ಜನಗಣತಿಯವರ ಲೆಕ್ಕದಲ್ಲಿ 5000 ಜನ, ಚದರ ಕಿಲೋಮೀಟರಿಗೆ 400 ಮಂದಿ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನ ಕೃಷಿ ಬಿಟ್ಟು ಬೇರೆ ಕೆಲಸದಲ್ಲಿ, ಇಷ್ಟಿದ್ರೆ ಪಂಚಾಯತ್ ಬೋರ್ಡ್ ಇದ್ರೂ ಅದು ಪೇಟೆಯೇ. 2001ರಲ್ಲಿ ಕೇರಳದಲ್ಲಿ ಪೇಟೆಯವರು ನೂರಕ್ಕೆ 26, 2011ಕ್ಕೆ 47 ದಾಟಿತು. ಇವರೆಲ್ಲ ಗಂಟುಮೂಟೆ ಕಟ್ಟಿ ಹೋದವರಾ? ಹೆಚ್ಚಿನ ಕಡೆ ಪೇಟೆಯೇ ಇವರಿದ್ದಲ್ಲಿಗೆ ಬಂತು.

ಇನ್ನು ಬಾವಿ. ನಮ್ಮ ಮುರಕಲ್ಲಿನ, ಅಂದ್ರೆ ತೂತು ತೂತಿನ ಕೆಂಪು ಕಲ್ಲಿನ ಗುಡ್ಡೆ ಮಳೆಗಾಲದಲ್ಲಿ ಕುಡಿದದ್ದನ್ನು ಬೇಸಗೆಯಲ್ಲಿ ನಿಧಾನ ಬಿಡ್ತದೆ, ಹಿರಿಯರು ಗುಡ್ಡೆಗೆ ಅಡ್ಡ ಸುರಂಗ ಕೊರೆದದ್ದು ಅದಕ್ಕೇ. ಬಾಯಾರು ಕಡೆ ಒಂದು ಮನೆಯಲ್ಲಿ ಏಪ್ರಿಲ್ ಸೆಕೆಯಲ್ಲಿ ನೋಡಿದ್ದೆ, ಒಬ್ಬ ಬಗ್ಗಿ ನುಗ್ಗುವಷ್ಟು ಬಾಯಿ, ಒಳಗೆ ಗೋಡೆಯಿಡೀ ಬೆವರಿದ ಹಾಗೆ ಒದ್ದೆ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬೆರಳು ದಪ್ಪದ ನೀರು ಬಂದು ಟಾಂಕಿಗೆ ಬೀಳ್ತಾ ಇತ್ತು, ಪಂಪಿಲ್ಲ ಕರೆಂಟಿಲ್ಲ. ಈಗ ಅಂಥ ಗುಡ್ಡೆಯನ್ನೇ ಜೆಸಿಬಿಯಲ್ಲಿ ಕಡಿದು ಗದ್ದೆಗೆ ತುಂಬಿಸ್ತೇವೆ, ನೀರು ಇಂಗುವ ಗುಡ್ಡೆಯೂ ಹೋಯ್ತು ನೀರು ನಿಲ್ಲುವ ಗದ್ದೆಯೂ ಹೋಯ್ತು, ಮೇಲಿಂದ ಅಂಗಳಕ್ಕೆ ಸಿಮೆಂಟಿನ ಇಂಟರ್‌ಲಾಕ್ ಹಾಸು. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರವರು ಕೊಡ ಇಟ್ಟು ಟ್ಯಾಂಕರಿಗೆ ಕಾಯುದು ನೋಡುವಾಗ ನನಗೆ ನಿಜವಾಗಿ ಸಂಕಟ ಆಗ್ತದೆ.

ಚೆನ್ನೈಯಲ್ಲೂ ಇದೇ ಆದದ್ದು. ಪಳ್ಳಿಕರಣೈಯ ಜೌಗು ನೆಲದ ಮೇಲೆಲ್ಲ ಕಟ್ಟಡ ಎಬ್ಬಿಸಿದ್ರು, 2015ರ ಡಿಸೆಂಬರಿನಲ್ಲಿ ಊರು ಮುಳುಗಿತು, 2019ರ ಜುಲೈಯಲ್ಲಿ ಅದೇ ಊರಿಗೆ ಜೋಲಾರ್‌ಪೇಟೆಯಿಂದ ರೈಲಲ್ಲಿ ನೀರು ತರ್ಬೇಕಾಯ್ತು. ಚೀನಾದವರು 2015ರಲ್ಲಿ 16 ಸಿಟಿ ಆರಿಸಿ ಬಿದ್ದ ಮಳೆ ಬಿದ್ದಲ್ಲೇ ಇಂಗುವ ಹಾಗೆ ಮಾಡ್ಲಿಕ್ಕೆ ಹೊರಟ್ರು, ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ತೋಡಿನ ಮೇಲೆ ಕಟ್ಟಿದ ಹೈವೇಯನ್ನೇ ಒಡೆದು 2005ರಲ್ಲಿ ತೋಡನ್ನು ವಾಪಸ್ ತಂದ್ರು. ಅವರೆಲ್ಲ ಕೋಟಿಗಟ್ಟಲೆ ಸುರಿದು ರಿಪೇರಿ ಮಾಡುವುದನ್ನು ನಾವು ಈಗಲೇ ಹಾಳು ಮಾಡದೆ ಇಟ್ಕೊಳ್ಬಹುದು, ನಮ್ಮಲ್ಲಿ ಇನ್ನೂ ಗುಡ್ಡೆ ಉಂಟು, ಮಳೆನೀರು ಹಿಡಿದಿಡುವ ಮದಕ ಉಂಟು, ಅದಕ್ಕೇ ಆ ಲೇಖನ ಹಾಕಿದ್ದು.

ಮುಂದಿನ ಗ್ರಾಮಸಭೆಗೆ ಹೋಗಿ ಎರಡು ವಿಷ್ಯ ಕೇಳಿ ಮಾಷ್ಟ್ರೇ. ಹೊಸ ಮನೆಗೆ ಪರ್ಮಿಟ್ ಕೊಡುವಾಗ ಮಾಡಿನ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗ್ತದೆ ಅಂತ ಯಾರು ನೋಡ್ತಾರೆ? ಪಂಚಾಯತಿನಲ್ಲಿ ಮದಕ ಎಷ್ಟು ಉಂಟು, ಎಷ್ಟು ಮುಚ್ಚಿ ಹೋಗಿದೆ? ಸಿಕ್ಕಿದ ಉತ್ತರ ಬರ್ದು ಕಳ್ಸಿ, ಹಾಗೆಯೇ ಹಾಕ್ತೇವೆ.